ನಡೆಯಿರಿ ಅಂದರೆ ಸಾಕೇ?

ದಿನಾ ನಡೆಯಬೇಕು ಎಂಬ ಮಾತು ಕೇಳದವರು ಇಲ್ಲವೇ ಇಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, ಸಾಕಷ್ಟು ಮೈ ದಣಿಸದ ವಯಸ್ಕರು 2010ರಲ್ಲಿ ಸುಮಾರು ಶೇ 26ರಷ್ಟಿದ್ದರು. 2022ರಲ್ಲಿ ಅದು ಶೇ 31ಕ್ಕೆ ಏರಿತು. ಇಷ್ಟೊಂದು ಹೇಳಿಯೂ ಹೀಗೇಕಾಯಿತು?

ಕಥೆ ಶುರುವಾಗುವುದು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸಿನಲ್ಲಿ. ದಿನವಿಡೀ ಕೂತಿರುವ ಡ್ರೈವರ್‌ಗಳಿಗಿಂತ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಎಂದು 1953ರಲ್ಲಿ ಬ್ರಿಟನ್ನಿನ ವೈದ್ಯ ಜೆರ್ರಿ ಮಾರಿಸ್ ಮತ್ತು ಸಂಗಡಿಗರು ತೋರಿಸಿದರು. ಆ ಕಂಡಕ್ಟರ್‌ಗಳಿಗೆ ವ್ಯಾಯಾಮ ಮಾಡಿ ಎಂದು ಯಾರೂ ಬುದ್ಧಿ ಹೇಳಿರಲಿಲ್ಲ. ಅವರ ಕೆಲಸವೇ ಹಾಗಿತ್ತು, ಅಲ್ವಾ? ಬುದ್ಧಿಮಾತಲ್ಲ, ಕೆಲಸವೇ ಮೈ ದಣಿಸಿತು ಎಂಬ ಈ ಮಾತು ಆಮೇಲೆ ಬಹಳ ಕಾಲ ಮರೆತೇ ಹೋಯಿತು.

1972ರಲ್ಲಿ ಫಿನ್ಲೆಂಡಿನ ಉತ್ತರ ಕರೇಲಿಯಾದಲ್ಲಿ ಹೃದ್ರೋಗ ತಡೆಯಲು ಇಡೀ ಪ್ರಾಂತ್ಯವನ್ನೇ ಕೈಗೆತ್ತಿಕೊಂಡರು. ಗೃಹಿಣಿಯರ ಸಂಘಗಳು, ಆಹಾರ ತಯಾರಕರು ಎಲ್ಲರೂ ಸೇರಿದರು. ಊಟ ಬದಲಾಯಿತು, ಸಿಗರೇಟು ಕಡಿಮೆಯಾಯಿತು. ಕೆಲವು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ಶೇ 80ಕ್ಕೂ ಜಾಸ್ತಿ ಇಳಿಯಿತು.

ಗೊಂದಲ ಹುಟ್ಟಿದ್ದು 1980ರ ದಶಕದ ಅಮೆರಿಕದಲ್ಲಿ. ಸ್ಟ್ಯಾನ್‌ಫರ್ಡ್, ಮಿನ್ನೆಸೋಟ, ಪಾಟಕೆಟ್: ಮೂರು ಕಡೆ ಹೃದ್ರೋಗ ತಡೆಯುವ ದೊಡ್ಡ ಪ್ರಯೋಗ ನಡೆಯಿತು. ಕೆಲವು ಊರುಗಳಲ್ಲಿ ವರ್ಷಗಟ್ಟಲೆ ಪ್ರಚಾರ, ತರಗತಿ, ತಪಾಸಣೆ. ಹೋಲಿಕೆಗೆ ಏನೂ ಮಾಡದ ಬೇರೆ ಊರುಗಳು. ಕೊನೆಗೆ ನೋಡಿದರೆ ಏನೂ ಮಾಡದ ಊರುಗಳೂ ಸುಧಾರಿಸಿದ್ದವು! ಆರೋಗ್ಯದ ಸುದ್ದಿ ಆಗ ದೇಶದ ತುಂಬಾ ಹರಡುತ್ತಿತ್ತು. ಅದಕ್ಕೆ ಊರಿನ ಗಡಿ ಎಲ್ಲಿದೆ? ಎರಡರ ನಡುವಿನ ವ್ಯತ್ಯಾಸ ಕಿರಿದಾಯಿತು. ಪ್ರಯೋಗ ಸೋತಿತು ಎಂದರು ಕೆಲವರು. ಅಳೆದ ರೀತಿಯೇ ಸರಿಯಿಲ್ಲ ಎಂದರು ಇನ್ನು ಕೆಲವರು. ನನಗೆ ಎರಡನೆಯ ಮಾತೇ ಹೆಚ್ಚು ಸರಿ ಅನಿಸುತ್ತದೆ. ಊರೆಂದರೆ ಮುಚ್ಚಿಟ್ಟ ಗಾಜಿನ ಬಾಟಲಿ ಅಲ್ಲ.

ಆದರೆ ಸಮಸ್ಯೆ ಅಳತೆಯದ್ದಷ್ಟೇ ಅಲ್ಲ. 2015ರಲ್ಲಿ, ವೈದ್ಯಕೀಯ ಪುರಾವೆಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಯೊಂದು ಊರಿಗೆ ಊರನ್ನೇ ಚುರುಕಾಗಿಸಲು ಹೊರಟ ಇಂಥ 33 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಇಡೀ ಸಮುದಾಯದ ಚಟುವಟಿಕೆ ಏರಿತು ಎನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ಕರಪತ್ರ ಹಂಚುವುದು ಸುಲಭ, ಫುಟ್‌ಪಾತ್ ಕಟ್ಟುವುದು ಕಷ್ಟ. ದುಡಿದು ಸುಸ್ತಾದವರಿಗೆ ಸುಮ್ನೆ ಉಪದೇಶ ಕೊಟ್ಟು ಪ್ರಯೋಜನವಿಲ್ಲ.

ಕೊಲಂಬಿಯಾದ ರಾಜಧಾನಿ ಬೊಗೋಟಾ ಬೇರೆ ದಾರಿ ಹಿಡಿದಿತ್ತು. 1974ರಲ್ಲಿ ಶುರುವಾದ ಸಿಕ್ಲೋವಿಯಾ ಎಂಬ ಕಾರ್ಯಕ್ರಮದಲ್ಲಿ ಈಗ ಭಾನುವಾರ ಮತ್ತು ರಜಾದಿನಗಳಂದು 120 ಕಿಲೋಮೀಟರಿಗೂ ಹೆಚ್ಚು ರಸ್ತೆ ಮೋಟಾರು ವಾಹನಗಳಿಗೆ ಬಂದ್. ಸೈಕಲ್ಲು, ನಡಿಗೆ, ಓಟ ತಾನಾಗಿ ನಡೆಯುತ್ತವೆ. ಸಂಶೋಧಕರೂ ಈಗ ಹೊಸ ಪಾರ್ಕು, ಸೈಕಲ್ ದಾರಿ ಬರುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ ಜನರ ಓಡಾಟ ಅಳೆಯುತ್ತಿದ್ದಾರೆ.