ಪೂರ್ತಿ ಅರಿವಳಿಕೆಯಲ್ಲಿ ಸ್ಪರ್ಶ ಮಿದುಳನ್ನು ತಲುಪುತ್ತದೆಯೇ?

ಪ್ರಶ್ನೆ: ಆಪರೇಷನ್ನಿಗೆ ಪೂರ್ತಿ ಅರಿವಳಿಕೆ ಕೊಟ್ಟಾಗ ನರಗಳು ಮರಗಟ್ಟುತ್ತವೆ. ಹಾಗಾಗಿ ಮೈ ಮುಟ್ಟಿದ್ದು ಮಿದುಳಿಗೆ ತಲುಪುವುದೇ ಇಲ್ಲ, ಅಲ್ಲವೇ?

ತಲುಪುತ್ತದೆ. ಎಷ್ಟು ಸಲ ಉತ್ತರಿಸಿದರೂ ಈ ಪ್ರಶ್ನೆ ವೇಷ ಬದಲಿಸಿ ಮತ್ತೆ ಬರುತ್ತದೆ, ಆದ್ದರಿಂದ ಈ ಸಲ ಬುಡದಿಂದಲೇ ನೋಡೋಣ. ಹಲ್ಲು ಕೀಳುವ ಮೊದಲು ವಸಡಿಗೆ ಚುಚ್ಚುವ ಲಿಗ್ನೊಕೇನ್ ನರತಂತುಗಳ ಸೋಡಿಯಂ ದ್ವಾರಗಳನ್ನು ಮುಚ್ಚಿ ಸಂದೇಶವನ್ನು ಅಲ್ಲೇ ತಡೆಯುತ್ತದೆ. ಸಿಸೇರಿಯನ್ನಿಗೆ ಬೆನ್ನಿಗೆ ಕೊಡುವ ಇಂಜೆಕ್ಷನ್ ಕೂಡ ಹಾಗೆಯೇ. ಇವೆರಡರ ಅನುಭವವನ್ನು ಪೂರ್ತಿ ಅರಿವಳಿಕೆಗೂ ಹಚ್ಚಿಬಿಡುವುದರಿಂದಲೇ ಈ ತಪ್ಪು ಕಲ್ಪನೆ ಬೇರೂರಿದೆ.

ಸಾಕ್ಷಿ ಆಪರೇಷನ್ ಥಿಯೇಟರಿನಲ್ಲೇ ಇದೆ. ಸೊಟ್ಟಗಾದ ಬೆನ್ನುಮೂಳೆಯನ್ನು ನೆಟ್ಟಗೆ ಮಾಡುವಾಗ ಬೆನ್ನುಹುರಿಗೆ ಪೆಟ್ಟಾಗುತ್ತಿಲ್ಲ ಎಂದು ಖಾತ್ರಿಪಡಿಸಿಕೊಳ್ಳಬೇಕು. ಅದಕ್ಕಾಗಿ ಪ್ರಜ್ಞೆಯಿಲ್ಲದ ರೋಗಿಯ ಕಾಲಿನ ಹರಡಿನ ಒಳಬದಿಯ ನರಕ್ಕೆ ಸೆಕೆಂಡಿಗೆ ಮೂರರಿಂದ ಐದು ಸಲ ಸಣ್ಣ ವಿದ್ಯುತ್ ಮಿಡಿತ ಕೊಡುತ್ತಾರೆ. ಸುಮಾರು 40 ಮಿಲಿಸೆಕೆಂಡಿನಲ್ಲಿ ನೆತ್ತಿಯ ಮೇಲಿನ ವಿದ್ಯುದ್ವಾರದಲ್ಲಿ ಅಲೆಯೊಂದು ಏಳುತ್ತದೆ. ಮಣಿಕಟ್ಟಿನಲ್ಲಿ ಕೊಟ್ಟರೆ 20 ಮಿಲಿಸೆಕೆಂಡು ಸಾಕು. ಅಲೆ ತೀರಾ ಚಿಕ್ಕದು, ಮಿದುಳಿನ ಉಳಿದ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ನೂರಾರು ಮಿಡಿತಗಳ ಸರಾಸರಿ ತೆಗೆದರೆ ಮಾತ್ರ ಕಾಣುತ್ತದೆ. ಅದರ ಎತ್ತರ ಅರ್ಧಕ್ಕಿಳಿದರೆ ಅಥವಾ ಬರುವುದು ಶೇಕಡಾ 10ರಷ್ಟು ತಡವಾದರೆ ತಂಡ ಎಚ್ಚರಗೊಳ್ಳುತ್ತದೆ. ಅರಿವಳಿಕೆ ಅನಿಲ ಹೆಚ್ಚಾಯಿತೇ, ರಕ್ತದೊತ್ತಡ ಇಳಿಯಿತೇ, ಮೈ ತಣ್ಣಗಾಯಿತೇ, ಬೆನ್ನುಹುರಿ ಎಳೆತಕ್ಕೆ ಸಿಕ್ಕಿತೇ ಎಂದು ಕೂಡಲೇ ನೋಡುತ್ತಾರೆ. ಸೆವೊಫ್ಲುರೇನ್‌ನಂಥ ಅನಿಲ ಅಲೆಯನ್ನು ಕುಗ್ಗಿಸುವುದರಿಂದ ಇಂಥ ಶಸ್ತ್ರಚಿಕಿತ್ಸೆಯಲ್ಲಿ ರಕ್ತನಾಳಕ್ಕೆ ಕೊಡುವ ಪ್ರೊಪೊಫಾಲ್‌ಗೇ ಒಲವು ಹೆಚ್ಚು. ಸುದ್ದಿ ಮಿದುಳಿಗೆ ಹೋಗುವುದೇ ಇಲ್ಲ ಎನ್ನುವುದಾದರೆ ಈ ಪರೀಕ್ಷೆಗೆ ಅರ್ಥವೇ ಇರುತ್ತಿರಲಿಲ್ಲ!

ಹಾಗಾದರೆ ಇಲ್ಲದಾಗುವುದು ಏನು? ಸಂದೇಶ ಮಿದುಳಿನ ನಡುವೆ ಇರುವ ಥಾಲಮಸ್ ಎಂಬ ಸುದ್ದಿ ರವಾನೆಯ ಕಟ್ಟೆಯನ್ನು ದಾಟಿ ಮಿದುಳಿನ ಸ್ಪರ್ಶಪಟ್ಟಿಯನ್ನು ಮುಟ್ಟುವುದು ಮೊದಲ ಹಂತ ಮಾತ್ರ. ಎಚ್ಚರವಿದ್ದಾಗ ಆ ಪಟ್ಟಿ ಪಕ್ಕದ ಭಾಗಗಳಿಗೆ, ಹಣೆಯ ಹಿಂದಿನ ಭಾಗಕ್ಕೆ ಸುದ್ದಿ ಕಳಿಸುತ್ತದೆ, ಅಲ್ಲಿಂದ ಮರುಸಂದೇಶ ಪಡೆಯುತ್ತದೆ. ಪೂರ್ತಿ ಅರಿವಳಿಕೆ ಕಡಿಯುವುದು ಈ ಕೊಡುಕೊಳ್ಳುವಿಕೆಯನ್ನು. ಕನ್ನಡದ ಪದವೇ ಎಷ್ಟು ಖಚಿತವಾಗಿದೆ ನೋಡಿ: ಅಳಿಯುವುದು ಅರಿವು, ಸುದ್ದಿಯಲ್ಲ.

ಯಾರೂ ಕೇಳದಿದ್ದರೂ ಇನ್ನೊಂದು ಮಾತು ಹೇಳಲೇಬೇಕು. ಸುದ್ದಿ ತಲುಪಿಯೂ ಅರಿವಿಗೆ ಬಾರದಿರುವುದು ಎಚ್ಚರವಿರುವವರಲ್ಲೂ ಉಂಟು. ಮಿದುಳಿನ ಬಲಭಾಗದಲ್ಲಿ ಪಾರ್ಶ್ವವಾಯು ಆದ ಕೆಲವರು ಕಣ್ಣು ಮುಚ್ಚಿದ್ದಾಗ ಎಡಗೈ ಮುಟ್ಟಿದರೆ “ಎಡ” ಎನ್ನುತ್ತಾರೆ, ಬಲಗೈ ಮುಟ್ಟಿದರೆ “ಬಲ” ಎನ್ನುತ್ತಾರೆ. ಎರಡನ್ನೂ ಒಟ್ಟಿಗೆ ಮುಟ್ಟಿದರೆ “ಬಲ” ಅಷ್ಟೇ! ಎಡಗೈಯ ನರ ಸರಿಯಾಗಿದೆ. ಗಮನದ ಪೈಪೋಟಿಯಲ್ಲಿ ಅದರ ಸುದ್ದಿ ಸೋಲುತ್ತದೆ. ಮನೆಯವರು ಇದನ್ನು ಅಸಡ್ಡೆ ಎಂದುಕೊಳ್ಳಬಾರದು. ಪರೀಕ್ಷಿಸುವಾಗ ಎಡ, ಬಲ, ಎರಡೂ ಎಂದು ಕ್ರಮ ತಪ್ಪಿಸಿ ಹಲವು ಸಲ ಮುಟ್ಟಬೇಕು. ಒಂದೊಂದೇ ಕೈ ಮುಟ್ಟಿ “ಸ್ಪರ್ಶ ಸರಿಯಿದೆ” ಎಂದು ಬರೆದುಬಿಟ್ಟರೆ ತೊಂದರೆ ಕಣ್ಣಿಗೆ ಬೀಳುವುದೇ ಇಲ್ಲ.