ಇಟಾಲಿಯನ್ ಬ್ರೆಡ್ ಕಲಿಯುವವರಿಗೆ: ಚಪಾತಿ ಹದ ಮರೆತು ಹೋಳಿಗೆ ಹದ ನೆನಪಿಸಿಕೊಳ್ಳಿ

ಮನೆಯಲ್ಲಿ ಇಟಾಲಿಯನ್ ಬ್ರೆಡ್ ಮಾಡಲು ಹೊರಟ ನಮ್ಮಂಥವರು ಎಡವುವುದು ಹಿಟ್ಟು ಕಲಸುವಾಗಲೇ. ನಮ್ಮ ಕೈಗೆ ಚಪಾತಿ ಹಿಟ್ಟಿನ ಹದ ಗೊತ್ತು. ಹಿಟ್ಟು ಬೆರಳಿಗೆ ಅಂಟಿದರೆ ನೀರು ಜಾಸ್ತಿಯಾಯ್ತು ಅಂದುಕೊಂಡು ಇನ್ನೊಂದು ಹಿಡಿ ಹಿಟ್ಟು ಹಾಕಿಬಿಡುತ್ತೇವೆ. ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ನಾನು ಮಾಡಿದ ಮೊದಲ ಮೂರು ಬ್ರೆಡ್ಡೂ ಹೀಗೇ ಕೆಟ್ಟವು. ಹೊರಗೆ ಗಟ್ಟಿ, ಒಳಗೆ ಒತ್ತೊತ್ತು. ಆಮೇಲೆ ಯುಗಾದಿ ಬಂತು. ಅಮ್ಮ ಹೋಳಿಗೆಗೆ ಕಣಕ ಕಲಸುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಸಡಿಲವಾಗಿ ಕಲಸಿ, ಮೇಲೆ ಎಣ್ಣೆ ಸುರಿದು, ಎರಡು ಮೂರು ಗಂಟೆ ಮುಚ್ಚಿಟ್ಟರು. ಆಮೇಲೆ ಅದು ರಬ್ಬರಿನಂತೆ ಎಳೆದಷ್ಟೂ ಬಂತು. ಟ್ರೇಯಲ್ಲಿ ಹರಡಿ ಬೇಯಿಸುವ ಚಪ್ಪಟೆ ಇಟಾಲಿಯನ್ ಬ್ರೆಡ್ ಫೊಕಾಚಾಗೆ ಬೇಕಾದ ಹದ ಹೆಚ್ಚುಕಡಿಮೆ ಇದೇ!

ಇಟಲಿಯಲ್ಲಿ ಇಟಾಲಿಯನ್ ಬ್ರೆಡ್ ಅಂತ ಒಂದೇ ಬ್ರೆಡ್ ಇಲ್ಲ. ಊರಿಗೊಂದು ಬ್ರೆಡ್ ಇದೆ. ಟಸ್ಕನಿಯವರ ಬ್ರೆಡ್ಡಿಗೆ ಉಪ್ಪೇ ಇರುವುದಿಲ್ಲ. ಚಬಾಟಾ ಎಂದರೆ ಚಪ್ಪಲಿ, ಅದರ ಚಪ್ಪಟೆ ಆಕಾರಕ್ಕೆ ಬಂದ ಹೆಸರು. ಹಳೆಯ ಬ್ರೆಡ್ ಅಂದುಕೊಳ್ಳುತ್ತೇವೆ, ಆದರೆ ಅದನ್ನು ರೂಪಿಸಿದ್ದು 1982ರಲ್ಲಿ, ವೆನೆಟೊ ಪ್ರಾಂತ್ಯದ ಆಡ್ರಿಯಾ ಊರಿನ ಅರ್ನಾಲ್ಡೊ ಕವಲ್ಲಾರಿ. ಫೊಕಾಚಾ ತುಂಬಾ ಹಳೆಯದು. ಲ್ಯಾಟಿನ್ನಿನಲ್ಲಿ 'ಫೋಕುಸ್' ಎಂದರೆ ಒಲೆ, ಆ ಹೆಸರು ಅಲ್ಲಿಂದ ಬಂದದ್ದು. ಜಿನೋವಾದ ಫೊಕಾಚಾ ಹೆಸರುವಾಸಿ. ಹೊಸಬರು ಇದರಿಂದಲೇ ಶುರು ಮಾಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಉಂಡೆ ಕಟ್ಟುವ, ಆಕಾರ ಕೊಡುವ ಕಷ್ಟ ಇಲ್ಲ. ಟ್ರೇಯಲ್ಲಿ ಹರಡಿದರೆ ಆಯ್ತು.

ಅಳತೆ

ಲೋಟ, ಚಮಚದ ಅಳತೆ ಬಿಟ್ಟು ಒಂದು ಡಿಜಿಟಲ್ ತಕ್ಕಡಿ ತಗೊಳ್ಳಿ. ಬೇಕರಿಯವರ ಲೆಕ್ಕದಲ್ಲಿ ಹಿಟ್ಟು ಯಾವಾಗಲೂ 100. ಉಳಿದದ್ದೆಲ್ಲ ಹಿಟ್ಟಿನ ತೂಕಕ್ಕೆ ಶೇಕಡಾ ಎಷ್ಟು ಅಂತ ಹೇಳುತ್ತಾರೆ. 9 ಇಂಚಿನ ಚೌಕ ಟ್ರೇಗೆ ನನ್ನ ಲೆಕ್ಕ ಹೀಗಿದೆ: ಮೈದಾ 300 ಗ್ರಾಂ, ನೀರು 210 ಗ್ರಾಂ, ಉಪ್ಪು 6 ಗ್ರಾಂ, ಒಣ ಈಸ್ಟ್ 3 ಗ್ರಾಂ, ಎಣ್ಣೆ 15 ಗ್ರಾಂ. ಅಂದರೆ ನೀರು ಶೇ. 70, ಉಪ್ಪು ಶೇ. 2, ಈಸ್ಟ್ ಶೇ. 1, ಎಣ್ಣೆ ಶೇ. 5. ಇಟಲಿಯ ಅಳತೆಗಳಲ್ಲಿ ನೀರು ಶೇ. 80ರವರೆಗೂ ಇರುತ್ತದೆ. ನಮ್ಮ ಅಂಗಡಿ ಮೈದಾದಲ್ಲಿ ಸಾಮಾನ್ಯವಾಗಿ ಪ್ರೋಟೀನ್ ಕಡಿಮೆ, ಅಷ್ಟು ನೀರು ಹಿಡಿಯುವುದಿಲ್ಲ. ಮೊದಲು 70ರಲ್ಲಿ ಮಾಡಿ, ಕೈ ಪಳಗಿದ ಮೇಲೆ 75ಕ್ಕೆ ಹೋಗಿ.

ನೀರಿನ ಬಗ್ಗೆ ಇನ್ನೊಂದು ಮಾತು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ತೀರಾ ಗಡಸು ನೀರಿನಲ್ಲಿ ಹಿಟ್ಟು ಬಿಗಿಯುತ್ತದೆ, ಹುದುಗುವುದೂ ನಿಧಾನ. ನಾನು ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರನ್ನೇ ಹಾಕುತ್ತೇನೆ.

ಈಸ್ಟ್ ಬದುಕಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಉಗುರು ಬೆಚ್ಚಗಿನ ನೀರು, ಒಂದು ಚಿಟಿಕೆ ಸಕ್ಕರೆ, ಈಸ್ಟ್. ಹತ್ತು ನಿಮಿಷದಲ್ಲಿ ನೊರೆ ಬರಬೇಕು. ನೊರೆ ಬರದಿದ್ದರೆ ಆ ಪೊಟ್ಟಣ ಬಿಸಾಡಿ, ಸುಮ್ನೆ ಮೈದಾ ಹಾಳು ಮಾಡಬೇಡಿ. 55–60 ಡಿಗ್ರಿ ಬಿಸಿ ತಗಲಿದರೆ ಈಸ್ಟ್ ಸಾಯುತ್ತದೆ. ಕುದಿಸಿದ ನೀರನ್ನು ಆರಿಸದೆ ಹಾಕಿದರೆ ಅಲ್ಲಿಗೆ ಮುಗಿಯಿತು.

ನಾದುವುದಲ್ಲ, ಮಡಿಸುವುದು

ಗೋಧಿಯಲ್ಲಿ ಗ್ಲುಟೆನಿನ್, ಗ್ಲಯಾಡಿನ್ ಎಂಬ ಎರಡು ಪ್ರೋಟೀನ್ ಇವೆ. ನೀರು ಸೋಕಿದಾಗ ಎರಡೂ ಹೆಣೆದುಕೊಂಡು ಗ್ಲುಟೆನ್ ಬಲೆ ಆಗುತ್ತದೆ. ಒಂದು ಹಿಟ್ಟಿಗೆ ಬಿಗಿ ಕೊಡುತ್ತದೆ, ಇನ್ನೊಂದು ಎಳೆಯುವ ಗುಣ ಕೊಡುತ್ತದೆ. ಈಸ್ಟ್ ಬಿಡುವ ಗಾಳಿಯನ್ನು ಈ ಬಲೆಯೇ ಹಿಡಿದಿಡುವುದು. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಅದಕ್ಕೇ ಮುದ್ದೆ ಎಳೆದರೆ ಹರಿಯುತ್ತದೆ. ಇದಕ್ಕೆ ರಾಗಿ ಹಿಟ್ಟು ಸೇರಿಸಬಹುದಾ ಅಂತ ಹಲವರು ಕೇಳುತ್ತಾರೆ. 300 ಗ್ರಾಂನಲ್ಲಿ 30 ಗ್ರಾಂ ರಾಗಿ ಹಾಕಿ, ರುಚಿ ಚೆನ್ನಾಗಿರುತ್ತದೆ. ಅದಕ್ಕಿಂತ ಜಾಸ್ತಿ ಹಾಕಿದರೆ ಬ್ರೆಡ್ ಉಬ್ಬುವುದು ಕಡಿಮೆಯಾಗುತ್ತದೆ.

ಬಲೆ ಹೆಣೆಯಲು ಅರ್ಧ ಗಂಟೆ ತಿಕ್ಕಿ ನಾದಬೇಕಿಲ್ಲ. ಎಲ್ಲ ಸೇರಿಸಿ, ಒಣ ಹಿಟ್ಟು ಕಾಣದ ಹಾಗೆ ಕಲಸಿ, ಮುಚ್ಚಿ ಅರ್ಧ ಗಂಟೆ ಬಿಡಿ. ಬಲೆಯ ಬಹುಪಾಲು ಅಷ್ಟರಲ್ಲಿ ತಾನೇ ಹೆಣೆದುಕೊಂಡಿರುತ್ತದೆ. ಆಮೇಲೆ ಪಾತ್ರೆಯಲ್ಲೇ ಒಂದು ಅಂಚು ಹಿಡಿದು ಮೇಲಕ್ಕೆ ಎಳೆದು, ಇನ್ನೊಂದು ಕಡೆಗೆ ಮಡಿಸಿ. ಪಾತ್ರೆ ತಿರುಗಿಸುತ್ತಾ ನಾಲ್ಕೂ ಕಡೆ ಹೀಗೇ ಮಾಡಿ. ಅರ್ಧ ಗಂಟೆಗೊಮ್ಮೆ ಮೂರು ಸಲ ಸಾಕು.

ಇಲ್ಲೇ ಕೈಗೆ ಅಂಟುವುದು, ಇಲ್ಲೇ ಎಲ್ಲರೂ ಹಿಟ್ಟಿನ ಡಬ್ಬ ತೆಗೆಯುವುದು. ದಯವಿಟ್ಟು ಬೇಡ. ಮುದ್ದೆ ಕಟ್ಟುವಾಗ ನಾವು ಏನು ಮಾಡುತ್ತೇವೆ? ಕೈ ಒದ್ದೆ ಮಾಡಿಕೊಳ್ಳುತ್ತೇವೆ ಅಲ್ವಾ? ಇಲ್ಲೂ ಅದೇ. ಒದ್ದೆ ಕೈಗೆ ಹಿಟ್ಟು ಅಂಟುವುದು ತುಂಬಾ ಕಡಿಮೆ. ಮೊದಲ ಸಲ ಮಡಿಸುವಾಗ ಹರಿಯುವ ಹಿಟ್ಟು ಮೂರನೇ ಸಲಕ್ಕೆ ನುಣ್ಣಗೆ, ತುಂಬಿಕೊಂಡಂತೆ ಆಗಿರುತ್ತದೆ. ಆ ಬದಲಾವಣೆಯನ್ನು ಕೈಯಲ್ಲೇ ತಿಳಿಯುವುದು ನನಗೆ ಇಡೀ ಕೆಲಸದಲ್ಲಿ ಅತಿ ಇಷ್ಟದ ಗಳಿಗೆ.

ಗಡಿಯಾರ ನಂಬಬೇಡಿ. ಏಪ್ರಿಲ್‌ನಲ್ಲಿ ನನ್ನ ಹಿಟ್ಟು ಒಂದೂವರೆ ಗಂಟೆಗೆ ಎರಡರಷ್ಟಾಯಿತು. ಡಿಸೆಂಬರ್‌ನಲ್ಲಿ, ನಂದಿಬೆಟ್ಟದ ಕಡೆಯಿಂದ ಚಳಿ ಇಳಿದ ದಿನ, ಅದೇ ಅಳತೆಗೆ ಮೂರು ಗಂಟೆ ಮೇಲೇ ಬೇಕಾಯಿತು. ದೋಸೆ ಹಿಟ್ಟು ಮಳೆಗಾಲದಲ್ಲಿ ತಡ ಮಾಡುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಹಿಟ್ಟಿನ ಮಟ್ಟಕ್ಕೆ ಸರಿಯಾಗಿ ಪಾತ್ರೆಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ ಗುರುತು ಮಾಡಿಕೊಳ್ಳಿ, ಹಿಟ್ಟು ಎರಡರಷ್ಟಾಗುವವರೆಗೆ ಕಾಯಿರಿ.

ಬೇಯಿಸುವುದು

ಟ್ರೇಗೆ ಧಾರಾಳವಾಗಿ ಎಣ್ಣೆ ಹಾಕಿ ಹಿಟ್ಟು ಸುರಿಯಿರಿ. ಎಳೆದರೆ ಹಿಂದಕ್ಕೆ ಬರುತ್ತದೆಯಾ? ಹತ್ತು ನಿಮಿಷ ಬಿಟ್ಟು ಮತ್ತೆ ಎಳೆಯಿರಿ, ಬಲೆ ಸಡಿಲಗೊಂಡು ಮೂಲೆಯವರೆಗೂ ಬರುತ್ತದೆ. ಇನ್ನೊಂದು ಮುಕ್ಕಾಲು ಗಂಟೆ ಉಬ್ಬಲಿ. ಆಮೇಲೆ ಎಣ್ಣೆ ಸವರಿದ ಬೆರಳುಗಳಿಂದ ತಳ ಮುಟ್ಟುವ ಹಾಗೆ ಗುಳಿ ಒತ್ತಿ. ಜಿನೋವಾದವರು ಈ ಗುಳಿಗಳಿಗೆ ನೀರು, ಉಪ್ಪು, ಎಣ್ಣೆ ಕಲಸಿ ಸುರಿಯುತ್ತಾರೆ. ಎರಡು ಚಮಚ ನೀರು, ಎರಡು ಚಮಚ ಎಣ್ಣೆ, ಕಾಲು ಚಮಚ ಉಪ್ಪು ಸಾಕು. ಇದನ್ನು ಬಿಡಬೇಡಿ. ಮೇಲ್ಭಾಗ ಒಣಗದೆ ಬೇಯುವುದು ಇದರಿಂದಲೇ. ಆಲಿವ್ ಎಣ್ಣೆ ದುಬಾರಿ ನಿಜ. ಗಾಣದ ಕಡಲೆಕಾಯಿ ಎಣ್ಣೆಯಲ್ಲೂ ಮಾಡಿದ್ದೇನೆ, ಬ್ರೆಡ್ ಚೆನ್ನಾಗಿಯೇ ಬಂತು. ಆದರೆ ಫೊಕಾಚಾ ಪರಿಮಳ ಬರಲಿಲ್ಲ. ಹಾಗಾಗಿ ಹಿಟ್ಟಿನೊಳಗೆ ಕಡಲೆಕಾಯಿ ಎಣ್ಣೆ, ಮೇಲೆ ಮಾತ್ರ ಆಲಿವ್ ಎಣ್ಣೆ ಹಾಕುತ್ತೇನೆ.

ಓಟಿಜಿಯನ್ನು (ಕರೆಂಟಿನ ಚಿಕ್ಕ ಓವನ್) 230 ಡಿಗ್ರಿಗೆ ಇಟ್ಟು, ಮೇಲೆ ಕೆಳಗೆ ಎರಡೂ ರಾಡ್ ಹಾಕಿ, 20 ನಿಮಿಷ ಕಾಯಿಸಿ. ನಂತರ 20–25 ನಿಮಿಷ ಬೇಯಲಿ. ತಳ ಎತ್ತಿ ನೋಡಿ, ಹೊಂಬಣ್ಣ ಬಂದಿರಬೇಕು. ಮೇಲೆ ಕೆಂಪಾಗಿ ತಳ ಬಿಳಿಯಿದ್ದರೆ ಟ್ರೇಯನ್ನು ಕೆಳಗಿನ ಅಂಕಣಕ್ಕೆ ಇಳಿಸಿ. ಆದ ತಕ್ಷಣ ಜಾಲರಿ ಮೇಲೆ ತೆಗೆದಿಡಿ, ಇಲ್ಲದಿದ್ದರೆ ತಳ ಬೆವರುತ್ತದೆ.

ಇನ್ನು ನಮ್ಮೂರಿನ ಸಾಮಾನುಗಳು. ದಕ್ಷಿಣ ಇಟಲಿಯ ಅಲ್ತಮೂರಾ ಊರಿನ ಬ್ರೆಡ್ಡನ್ನು ಡ್ಯೂರಮ್ ಎಂಬ ಗಟ್ಟಿ ಜಾತಿಯ ಗೋಧಿಯ ನುಣ್ಣನೆ ರವೆಯಲ್ಲಿ ಮಾಡುತ್ತಾರೆ. ನಮ್ಮ ಬನ್ಸಿ ರವೆಯೂ ಡ್ಯೂರಮ್ ಗೋಧಿಯದೇ. ಅದನ್ನು ಮಿಕ್ಸಿಯಲ್ಲಿ ನುಣ್ಣಗೆ ಮಾಡಿ ಕಾಲು ಭಾಗ ಬೆರೆಸಿ ನೋಡಿ. ತಿಳಿ ಹಳದಿ ಬಣ್ಣ ಬರುತ್ತದೆ, ಅಗಿಯಲು ಚೆನ್ನಾಗಿರುತ್ತದೆ. ರವೆ ನೀರು ಹೀರಲು ಸಮಯ ಬೇಕು, ಕಲಸಿದ ಮೇಲೆ ಅರ್ಧ ಗಂಟೆ ಬದಲು ಒಂದು ಗಂಟೆ ಬಿಡಿ.

ದ್ರಾಕ್ಷಿಯದ್ದು ಇನ್ನೂ ಖುಷಿಯ ಸಂಗತಿ. ಟಸ್ಕನಿಯಲ್ಲಿ ದ್ರಾಕ್ಷಿ ಕೊಯ್ಲಿನ ಕಾಲಕ್ಕೆ ಕಪ್ಪು ದ್ರಾಕ್ಷಿಯನ್ನು ಬೀಜದ ಸಮೇತ ಹಾಕಿ 'ಸ್ಕಿಯಾಚಾಟಾ' ಎಂಬ ಸಿಹಿ ಬ್ರೆಡ್ ಮಾಡುತ್ತಾರೆ. ನಮ್ಮ ತೋಟಗಳ ಬೆಂಗಳೂರು ಬ್ಲೂ ದ್ರಾಕ್ಷಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ದಪ್ಪ ಸಿಪ್ಪೆ, ಒಳ್ಳೆಯ ಪರಿಮಳ, ತುಂಬಾ ರಸ. ಮೇಲಿನ ಹಿಟ್ಟನ್ನೇ ಎರಡು ಭಾಗ ಮಾಡಿ. ಒಂದನ್ನು ಹರಡಿ ಅದರ ಮೇಲೆ ಕಾಲು ಕೆ.ಜಿ. ದ್ರಾಕ್ಷಿ, ಎರಡು ಚಮಚ ಸಕ್ಕರೆ ಹಾಕಿ. ಇನ್ನೊಂದನ್ನು ಹೊದಿಸಿ ಅಂಚು ಒತ್ತಿ. ಮೇಲೂ ಅಷ್ಟೇ ದ್ರಾಕ್ಷಿ, ಸಕ್ಕರೆ, ಸ್ವಲ್ಪ ಆಲಿವ್ ಎಣ್ಣೆ. ರಸ ಇರುವುದರಿಂದ 190 ಡಿಗ್ರಿಯಲ್ಲಿ ನಿಧಾನವಾಗಿ 45–50 ನಿಮಿಷ ಬೇಯಬೇಕು. ರಸ ಉಕ್ಕಿ ರಾಡ್ ಮೇಲೆ ಬಿದ್ದರೆ ಹೊಗೆ ಏಳುತ್ತದೆ, ಕೆಳಗಿನ ಅಂಕಣದಲ್ಲಿ ಇನ್ನೊಂದು ಟ್ರೇ ಇಟ್ಟುಕೊಳ್ಳಿ.