ಕೆಳಗಿನ ಒಲೆಯ ಬಿಸಿ ಮೇಲಿನ ಹುಳುಮನೆಗೆ ಏಕೆ ಹತ್ತುತ್ತಿಲ್ಲ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟದ ಹತ್ತಿರ. ರೇಷ್ಮೆ ಹುಳು ಸಾಕೋ ಎರಡಂತಸ್ತಿನ ಹುಳುಮನೆ. ಕೆಳಗೆ ಚಿಮಣಿ ಇರೋ ಸೌದೆ ಒಲೆ, ಹುಳು ಮೇಲೆ. ಧನುರ್ಮಾಸದ ರಾತ್ರಿ ಕೆಳಗೆ ಬೆವರು ಕಿತ್ಕೊಂಡು ಬರುತ್ತೆ, ಮೇಲೆ ಥರ್ಮಾಮೀಟರ್ 19 ದಾಟಲ್ಲ. ಮೋಲ್ಡಿನಲ್ಲಿ ಒಂದಡಿ ತೂತು ಕೊರೆಸಿ, ಮೇಲಕ್ಕೆ ಎಳೆಯೋ ಹಾಗೆ ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ವಿ. ಬಿಸಿ ಬರೋದಿರಲಿ, ಈಗ ಕೆಳಗೆ ಹೊಗೆ ತುಂಬ್ತಿದೆ. ಏನ್ ಮಾಡೋಣ?

ಉತ್ತರ: ಮೊದಲು ಆ ಫ್ಯಾನ್ ಆಫ್ ಮಾಡಿ. ಮಿಕ್ಕಿದ್ದು ಆಮೇಲೆ.

ಫ್ಯಾನು ಒಲೆ ಕೋಣೆಯಿಂದ ಎಷ್ಟು ಗಾಳಿ ಎಳೆಯುತ್ತದೋ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಚಳಿಯೆಂದು ಕಿಟಕಿ ಮುಚ್ಚಿರುತ್ತೀರಿ, ಮೆಟ್ಟಿಲ ಬಾಗಿಲೂ ಹಾಕಿರುತ್ತೀರಿ. ಉಳಿದ ದಾರಿ ಚಿಮಣಿ ಒಂದೇ. ಅಲ್ಲಿಂದ ಗಾಳಿ ಇಳಿಯತೊಡಗಿದರೆ ಹೊಗೆಯೂ ಕೋಣೆಗೇ ವಾಪಸ್. ಅದರ ಜೊತೆ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದ್ದವರನ್ನು ಮಲಗಿದಲ್ಲೇ ಮುಗಿಸುತ್ತದೆ. ಅಗ್ಗಿಷ್ಟಿಕೆಯಲ್ಲಿ ಕೆಂಡ ತುಂಬಿ ಮೇಲೆ ಒಯ್ದಿಡುವುದೂ ಇದೇ ಕಾರಣಕ್ಕೆ ಬೇಡ.

ಬಿಸಿಗಾಳಿ ಹಗುರ, ತಾನಾಗಿ ಏರುತ್ತದೆ. ಇಳಿಯಲು ದಾರಿಯಿಲ್ಲದೆ ನಿಂತಿರುವುದು ಮೇಲಿನ ತಣ್ಣನೆಯ ಗಾಳಿ. ರಾಟೆಯ ಹಗ್ಗದ ಎರಡು ತುದಿಗೂ ಕೊಡ ಕಟ್ಟಿದಂತೆ: ಒಂದು ಇಳಿದರೇನೇ ಇನ್ನೊಂದು ಮೇಲೆ ಬರುವುದು. ನಿಮ್ಮ ತೂತು ಏರುವ ದಾರಿಯಾಯಿತು. ಇಳಿಯುವ ದಾರಿ ಮೆಟ್ಟಿಲೇ ಆಗಲಿ. ಅಲ್ಲಿ ಹಲಗೆ ಬಾಗಿಲಿನ ಬದಲು ನೈಲಾನ್ ಪರದೆಯ ಬಾಗಿಲು ಹಾಕಿದರೆ ರೇಷ್ಮೆ ಹುಳುವನ್ನು ಕೊಲ್ಲುವ ಊಜಿ ನೊಣಕ್ಕೂ ತಡೆ, ಗಾಳಿಗೂ ದಾರಿ. ತೂತಿಗೂ ಅದೇ ಪರದೆ. ಆದರೆ ಧೂಳು ಕಟ್ಟಿದ ಪರದೆ ಗೋಡೆಯಿದ್ದಂತೆ, ಆಗಾಗ ಒಗೆಯಿರಿ. ಇಷ್ಟಕ್ಕೂ ಈ ಗಾಳಿಯನ್ನು ಓಡಿಸುವ ಬಲ ತೀರಾ ಅಲ್ಪ. ಮೂರು ಮೀಟರ್ ಎತ್ತರ, 10 ಡಿಗ್ರಿ ವ್ಯತ್ಯಾಸ ಇದ್ದರೂ ಒತ್ತಡ ಸುಮಾರು 1 ಪ್ಯಾಸ್ಕಲ್, ಕಾಗದದ ಹಾಳೆಯೊಂದರ ಭಾರಕ್ಕಿಂತ ಚೂರು ಹೆಚ್ಚು.

ಅದೇ 10 ಡಿಗ್ರಿ ವ್ಯತ್ಯಾಸದಲ್ಲಿ ಒಂದು ಕಿಲೋವಾಟ್ ಬಿಸಿ ಮೇಲೆ ಹೋಗಬೇಕಾದರೆ ಗಂಟೆಗೆ ಸುಮಾರು 300 ಘನ ಮೀಟರ್ ಗಾಳಿ ಓಡಾಡಬೇಕು. ಹಾಗಾಗಿ ಫ್ಯಾನ್ ಬೇಕೇ ಆಗಬಹುದು; ಆದರೆ ಅದರ ಜಾಗ ತೂತಿನಲ್ಲಲ್ಲ. ಮೆಟ್ಟಿಲ ತಲೆಯಲ್ಲಿ ಒಂದು ಸಣ್ಣ ಟೇಬಲ್ ಫ್ಯಾನನ್ನು ನೆಲಕ್ಕೇ ಇಟ್ಟು ಕೆಳಮುಖ ಮಾಡಿ. ಅದು ತಣ್ಣನೆಯ ಗಾಳಿಯನ್ನು ಒಲೆ ಕೋಣೆಗೆ ನೂಕುತ್ತದೆ, ಅಲ್ಲಿಯ ಬಿಸಿ ತೂತಿನಿಂದ ಏರುತ್ತದೆ, ಚಿಮಣಿ ತನ್ನ ಪಾಡಿಗೆ ಹೊಗೆ ಎಳೆಯುತ್ತದೆ. ಇನ್ನೊಂದು ತೂತು ಕೊರೆಸುವ ಆಸೆಯಾದರೆ ಎಂಜಿನಿಯರಿಗೆ ತೋರಿಸದೆ ಸುತ್ತಿಗೆ ಎತ್ತಬೇಡಿ, ಮೋಲ್ಡಿನ ಕಂಬಿ ತುಂಡಾದರೆ ಹುಳುಮನೆಯೇ ಉಳಿಯಲಿಕ್ಕಿಲ್ಲ.

ಗಾಳಿ ಓಡುತ್ತಿದೆಯೋ ಇಲ್ಲವೋ ನೋಡಲು ಊದುಬತ್ತಿ ಹಚ್ಚುವವರಿದ್ದಾರೆ. ಹುಳುವಿರುವ ಮನೆಯಲ್ಲಿ ಹೊಗೆ ಯಾಕೆ? ಒಂದೊಂದು ಎಳೆ ರೇಷ್ಮೆ ನೂಲನ್ನು ತೂತಿನ ಅಂಚಿಗೂ ಮೆಟ್ಟಿಲ ಬಾಗಿಲ ಚೌಕಟ್ಟಿನ ಬುಡಕ್ಕೂ ಅಂಟಿಸಿ. ಮೊದಲನೆಯದು ಮೇಲಕ್ಕೆ ಹಾರಬೇಕು, ಎರಡನೆಯದು ಕೆಳಮೆಟ್ಟಿಲ ಕಡೆ ವಾಲಬೇಕು.

ಬಿಸಿ ಹತ್ತಿತೆಂದು ಬೀಗುವ ಮೊದಲು ತೇವ ನೋಡಿ. 15 ಡಿಗ್ರಿಯಲ್ಲಿ ಶೇ. 80 ತೇವವಿದ್ದ ಗಾಳಿಯನ್ನು 27ಕ್ಕೆ ಕಾಯಿಸಿದರೆ ತೇವ ಶೇ. 40ರ ಆಸುಪಾಸಿಗೆ ಬೀಳುತ್ತದೆ. ಹುಳುವಿಗೆ ಹಾಕಿದ ಹಿಪ್ಪುನೇರಳೆ ಸೊಪ್ಪು ಬೇಗ ಬಾಡುತ್ತದೆ. ಒಲೆ ಮೇಲೆ ಅಗಲ ಬಾಯಿಯ ಪಾತ್ರೆಯಲ್ಲಿ ನೀರಿರಲಿ, ಮೇಲೆ ಒದ್ದೆ ಗೋಣಿ ತೂಗಲಿ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27ರ ಆಸುಪಾಸು ಬೇಕು. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳುವಿಗೆ 24 ಸಾಕು, ಅದಕ್ಕೆ ಬಿಸಿಗಿಂತ ಹೊಸ ಗಾಳಿಯೇ ಹೆಚ್ಚು ಮುಖ್ಯ.

ಬೆಳಗಿನ ಜಾವ ನಾಲ್ಕಕ್ಕೆ ಎದ್ದಾಗ ನೂಲುಗಳು ಅಲುಗಾಡದೆ ತೂಗುತ್ತಿದ್ದರೆ ಒಲೆಗೆ ಇನ್ನೊಂದು ಕಟ್ಟು ರೇಷ್ಮೆಕಡ್ಡಿ (ಹಿಪ್ಪುನೇರಳೆ ಕಡ್ಡಿ) ತುರುಕಬೇಡಿ. ಪರದೆ ಬಾಗಿಲಿಗೆ ಚಳಿಯೆಂದು ಯಾರಾದರೂ ಕಂಬಳಿ ಹೊದಿಸಿದ್ದಾರಾ, ನೋಡಿ.